ಅಂಗೈಗೆ ಕೇಳಿಸಿದ ಮಿಡಿ

ಹಳೆಯ ಸೌಂಡ್ ಕಾರ್ಡುಗಳ ಕೊಳಲಿಗೆ ಸದಾ ನೆಗಡಿ. ತೊಂಬತ್ತರ ದಶಕದಲ್ಲಿ ಮನೆಗೆ ಕಂಪ್ಯೂಟರ್ ತಂದವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ವಿಚಾರಿಸಿ ನೋಡಿ, ಖಂಡಿತ ಒಪ್ಪುತ್ತಾರೆ. ಕೊಳಲಿಗೆ ನೆಗಡಿ, ಸಿತಾರಿಗೆ ಗಂಟಲು ಕಟ್ಟಿದ ಅವಸ್ಥೆ, ಶಹನಾಯಿಯಂತೂ ಗಾಜಿನ ಬಾಟಲಿಯಲ್ಲಿ ಸಿಕ್ಕಿಬಿದ್ದ ದುಂಬಿ. ಪರದೆಯ ಮೇಲೆ ಪಿಯಾನೊ ಎಂದು ಬರೆದಿರುತ್ತಿದ್ದುದರಿಂದ ಕೇಳಿಸಿದ್ದನ್ನು ಪಿಯಾನೊ ಎಂದೇ ನಂಬುವುದು ಕೇವಲ ಸೌಜನ್ಯದ ಪ್ರಶ್ನೆಯಾಗಿತ್ತು. ಇಷ್ಟೆಲ್ಲ ದೋಷ ಹೇಳುವ ಇವನು ಯಾರೋ ಸಂಗೀತಜ್ಞನಿರಬೇಕೆಂದು ಮಾತ್ರ ಭಾವಿಸಬೇಡಿ. ನಾನು ಸೇಡಮ್ಮಿನ ಕಾಲೇಜೊಂದರಲ್ಲಿ ಗಣಿತ ಕಲಿಸಿಕೊಂಡಿದ್ದವನು. ಭೂಪಾಲಿಗೂ ಭೀಮಪಲಾಸಿಗೂ ನಡುವೆ ನನಗೆ ಗೊತ್ತಿದ್ದ ವ್ಯತ್ಯಾಸ ಅಕ್ಷರಗಳದ್ದು ಮಾತ್ರ. ನೆಗಡಿಯ ಆ ತೀರ್ಪು ನನ್ನದಲ್ಲ, ನನ್ನ ಹೆಂಡತಿ ವಸುಧಾಳದ್ದು.

ನಮ್ಮ ಮನೆಗೆ ಬಂದ ಸಂಗೀತವೆಲ್ಲ ಅವಳ ಜೊತೆಗೆ ಚಿಂಚೋಳಿಯಿಂದ ಬಂದದ್ದು. ಮುಂದಿನ ಕೋಣೆಯ ಫರಸಿಯ ಮೇಲೆ ಚಾಪೆ ಹಾಸಿ, ಹಾರ್ಮೋನಿಯಂ ಮುಂದಿಟ್ಟುಕೊಂಡು ಓಣಿಯ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಮಕ್ಕಳು ಅವಳನ್ನು, ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವಂತೆ, ಬಾಯಾರು ಎನ್ನುತ್ತಿದ್ದರು. ಅದೇ ಮಕ್ಕಳು ಕಾಲೇಜಿಗೆ ಬಂದು ನನ್ನ ಮುಂದೆ ಕೂತಾಗ ನನ್ನನ್ನು ಬಾಯಾರ ಗಂಡ ಎಂದೇ ಗುರುತಿಸುತ್ತಿದ್ದರು. ಅವಳ ಪಾಠದಲ್ಲಿ ಒಂದು ವಿಶೇಷವಿತ್ತು. ತಪ್ಪಿದವರನ್ನು ಅವಳು ಎಂದೂ ಗದರುತ್ತಿರಲಿಲ್ಲ, ಹಾರ್ಮೋನಿಯಂ ನಿಲ್ಲಿಸಿ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದಳು. ಆ ಮೌನಕ್ಕೆ ಹೆದರಿಯೇ ಮಕ್ಕಳು ಸರಿಯಾದ ಸ್ವರವನ್ನು ಹುಡುಕಿಕೊಂಡು ಬರುತ್ತಿದ್ದರು.

ನನಗಿದ್ದ ಹುಚ್ಚು ಕಂಪ್ಯೂಟರಿನದು. ಹೈದರಾಬಾದಿನ ಯಾವುದೋ ಕಚೇರಿ ಕೈಬಿಟ್ಟ ಯಂತ್ರವೊಂದನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸೇಡಮ್ಮಿಗೆ ತಂದಿದ್ದೆ. ತಾಂಡೂರು ದಾಟುವ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದಿದ್ದವು. ಅದಕ್ಕೆ ಸೌಂಡ್ ಕಾರ್ಡ್ ಹಾಕಿಸಿದವನು ಶಹಾಬಾದಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗೆಳೆಯ ವೀರಣ್ಣ. ಅಂಗೈ ಅಗಲದ ಹಸಿರು ಹಲಗೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು, ಹಳೆಯ ಟೇಪ್ ರೆಕಾರ್ಡರಿನ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳನ್ನು ಹೊತ್ತುಕೊಂಡು ಒಂದು ಭಾನುವಾರ ಬಂದ.

"ಸರ್, ಇದು ಒಳಗ ಕುಂತಿತು ಅಂದ್ರ ನಿಮ್ಮ ಮಷೀನ್ ಹಾಡ್ತದ ನೋಡ್ರಿ. ಕಮಾಲ್ ಅದ. ವೈನಿ, ನೀವೂ ಬರ್ರಿ, ನೀವ ಪರೀಕ್ಷಾ ಮಾಡಬೇಕು."

ಕಾರ್ಡನ್ನು ಯಂತ್ರದೊಳಗಿನ ಉದ್ದನೆಯ ಸ್ಲಾಟಿಗೆ ಒತ್ತಿ ಕೂಡಿಸಿ, ಅದರ ಜೊತೆ ಬಂದ ಫ್ಲಾಪಿಯಿಂದ ಒಂದು ಧುನ್ ಹಚ್ಚಿದ. ವಸುಧಾ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು. ಮುಖದಲ್ಲಿ ಮೊದಲು ಕುತೂಹಲ, ಆಮೇಲೆ ಅನುಮಾನ, ಕೊನೆಗೆ ತಡೆಯಲಾರದ ನಗು.

"ವೀರಣ್ಣಾ, ಪಾಪ, ಕೊಳಲಿಗಿ ನೆಗಡಿ ಆಗ್ಯದಲ್ಲೋ! ಜರಾ ಅರಿಶಿಣ ಹಾಲು ಕುಡಸ್ರಿ."

ಮೂವರೂ ಬಹಳ ಹೊತ್ತು ನಕ್ಕೆವು. ಆ ನಗುವಿನ ಹಿಂದೆಯೇ ನಾನು ಅವಳಿಗೆ ಮಿಡಿ ಎಂದರೇನೆಂದು ವಿವರಿಸಲು ಹೊರಟೆ. ಗಣಿತದ ಮೇಷ್ಟರಿಗೆ ಕೇಳದವರಿಗೂ ವಿವರಿಸುವ ಚಾಳಿ ಇರುತ್ತದೆ. ಮಿಡಿ ಫೈಲಿನಲ್ಲಿ ಸದ್ದೇ ಇರುವುದಿಲ್ಲ. ಕ್ಯಾಸೆಟ್ಟಿನಲ್ಲಿ ಹಾಡಿದವರ ದನಿ, ಉಸಿರು, ಹಿಂದೆ ಕೂತವರ ಕೆಮ್ಮು ಎಲ್ಲವೂ ಸೇರಿರುತ್ತವೆ. ಮಿಡಿಯಲ್ಲಿರುವುದು ಅಪ್ಪಣೆ ಮಾತ್ರ. ಈ ಸ್ವರ ಹಿಡಿ, ಇಷ್ಟು ಒತ್ತು, ಇಷ್ಟು ಹೊತ್ತು ನಿಲ್ಲು, ಬಿಡು. ಆ ಅಪ್ಪಣೆಗೆ ದನಿ ಕೊಡುವುದು ಸೌಂಡ್ ಕಾರ್ಡು. ಹಾಗಾಗಿ ಅದೇ ಫೈಲು ಒಂದು ಕಾರ್ಡಿನಲ್ಲಿ ಕೆಮ್ಮುತ್ತದೆ, ಇನ್ನೊಂದರಲ್ಲಿ ಹಾಡುತ್ತದೆ. ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳ ಈ ಗಂಟು ನಮ್ಮ ಭಾಷೆಗೆ ಬಂದು ಬೀಳುವಾಗ ಎಂಥ ಜಾಗದಲ್ಲಿ ಬಿದ್ದಿದೆ ನೋಡಿ: ತಂತಿಯನ್ನು ಮಿಡಿಯುತ್ತೇವೆ, ಎದೆ ಮಿಡಿಯುತ್ತದೆ, ಕಂಬನಿ ಮಿಡಿಯುತ್ತೇವೆ, ಕಾಯಾಗುವ ಮೊದಲು ಮಾವು ಮಿಡಿಯಾಗಿರುತ್ತದೆ. ನನ್ನ ಈ ಪಾಂಡಿತ್ಯವನ್ನೆಲ್ಲ ಸಾವಧಾನವಾಗಿ ಆಲಿಸಿದ ವಸುಧಾ, "ಅಂದ್ರ ಹಾಡು ಒಂದು ಕಡಿ, ದನಿ ಒಂದು ಕಡಿ" ಎಂದಳು. ಅಷ್ಟು ಚಿಕ್ಕದಾಗಿ ಅದನ್ನು ಹೇಳಲು ನನಗೆ ಆವರೆಗೆ ಆಗಿರಲಿಲ್ಲ.

ಆ ವರ್ಷದ ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಹಿಡಿಯಿತು. ಹೋಯಿತೆಂದುಕೊಂಡರೆ ಮರಳಿ ಬರುವ, ಬಂದಾಗಲೊಮ್ಮೆ ಮೈಯಿಂದ ಏನನ್ನಾದರೂ ಕಿತ್ತುಕೊಂಡು ಹೋಗುವ ಜ್ವರ. ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಾಗ ಮೈ ಬಡಕಲಾಗಿತ್ತು, ಕೂದಲು ಉದುರಿತ್ತು. ಅವೆರಡೂ ಮರಳಿದವು. ಕಿವಿ ಮರಳಲಿಲ್ಲ. ಮೊದಲು ಹೋದದ್ದು ಸಣ್ಣ, ಎತ್ತರದ ಸದ್ದುಗಳು: ಬಳೆ, ಕುಕ್ಕರಿನ ಸೀಟಿ, ಬೆಳಗಿನ ಗುಬ್ಬಿಗಳು. "ಗುಬ್ಬಿ ಎಲ್ಲಿ ಹೋದವ್ರಿ ಈ ಸಲ?" ಎಂದು ಅವಳು ಕೇಳಿದ ದಿನ ನಮ್ಮ ಅಂಗಳದ ಬೇವಿನ ಗಿಡದಲ್ಲಿ ಗುಬ್ಬಿಗಳ ಸಂತೆಯೇ ನೆರೆದಿತ್ತು. ನಾನು ಗಿಡದ ಕಡೆ ಕೈ ತೋರಿಸಿದೆ. ಅವಳು ಹಕ್ಕಿಗಳ ಕೊಕ್ಕು ತೆರೆದು ಮುಚ್ಚುವುದನ್ನು ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಅಕ್ಕಿ ತಂದು ಅಂಗಳಕ್ಕೆ ಚೆಲ್ಲಿದಳು.

ಡಾಕ್ಟರರು ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅದು ಫ್ಯಾನಿನ ಸದ್ದನ್ನೂ ಪಾತ್ರೆಯ ಸದ್ದನ್ನೂ ಹಾಡಿನಷ್ಟೇ ದೊಡ್ಡದು ಮಾಡಿ ಒಟ್ಟಿಗೆ ತಲೆಯೊಳಗೆ ಸುರಿಯುತ್ತಿತ್ತು. ಪಾಠ ಮಾತ್ರ ಅವಳು ಬಿಡಲಿಲ್ಲ. ಆದರೆ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಅವರ ತಾಯಂದಿರು ತುಂಬ ಮರ್ಯಾದೆಯ ಜನ. "ಬಾಯಾರ, ಹುಡುಗಿಗಿ ಪರೀಕ್ಷಾ ಬಂದದರಿ, ಮುಗಿದ ಮ್ಯಾಲ ಕಳಸ್ತೀವ್ರಿ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ಪರೀಕ್ಷೆಗಳು ಮುಗಿಯಲೇ ಇಲ್ಲ.

ಚಾಪೆ ಸುತ್ತಿ ಗೋಡೆಗೆ ಒರಗಿಸಿದ ಸಂಜೆ ಅವಳು ನನ್ನನ್ನು ಕೇಳಿದಳು: "ಖರೇ ಹೇಳ್ರಿ. ನಾ ಹಾಡೋ ಮುಂದ ಶ್ರುತಿ ಎಲ್ಲಿ ತಪ್ಪಾಕತ್ತೀನಿ, ನಿಮಗ ತಿಳೀತದೇನ್ರಿ?"

ನಾನು ಇಲ್ಲವೆಂದು ತಲೆಯಾಡಿಸಿದೆ. ನನಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

"ದೇವರು ಭಾಳ ಮಜಾಕ್ ಮಾಡ್ತಾನ. ಕಿವಿ ಇದ್ದವರಿಗಿ ಸ್ವರ ತಿಳಿಯಂಗಿಲ್ಲ, ಸ್ವರ ತಿಳಿದಾಕಿಗಿ ಕಿವಿ ಇಲ್ಲ." ಅವಳ ದನಿಯಲ್ಲಿ ಕಹಿ ಇರಲಿಲ್ಲ. "ಹಾಡೂ ಕಲಿಸೂದೂ ಹೋದ್ರ ಹೋಗ್ಲಿ. ಅವ್ವನ ದೀಪದ ಹಾಡೊಂದು ನನ್ನ ಕೂಡ ಹೋಗಬಾರದು ನೋಡ್ರಿ" ಎಂದಳು.

ಅವಳ ತಾಯಿ ಚಿಂಚೋಳಿಯ ಮನೆಯಲ್ಲಿ ಮುಚ್ಚಂಜೆಗೆ ಹೊಸ್ತಿಲಲ್ಲಿ ದೀಪ ಹಚ್ಚುತ್ತ ಒಂದು ಹಾಡು ಹೇಳುತ್ತಿದ್ದರಂತೆ. 'ಹೊತ್ತು ಮುಳುಗಿತವ್ವ ಹೊಸ್ತಿಲಿಗಿ ಬಾರ, ಹಚ್ಚಿದ ದೀಪದ ಬೆಳಕಿಗಿ ಬಾರ' ಎಂಬ ಸರಳವಾದ ಹಾಡು. ಮಾತು ಸರಳ, ಧಾಟಿ ಸರಳವಲ್ಲ. ಎಲ್ಲ ಹಾಡುಗಳೂ ಇಳಿಯುವ ಕಡೆ ಇದು ಏರಿ ನಿಲ್ಲುತ್ತಿತ್ತಂತೆ. ಸಂಗೀತ ಕಲಿತ ಮೇಲೂ ವಸುಧಾಳಿಗೆ ಅದು ಯಾವ ರಾಗದ ಮನೆಗೆ ಸೇರಿದ್ದೆಂದು ಹೇಳಲಾಗಿರಲಿಲ್ಲ. ಅಷ್ಟೇ ಅಲ್ಲ, ಅವಳಿಗೆ ಬರುತ್ತಿದ್ದುದು ಅರ್ಧ ಮಾತ್ರ. ತಾಯಿ ಹೊಸ್ತಿಲಲ್ಲಿ ಅರ್ಧ ಹಾಡಿ, ದೀಪ ಹಿಡಿದುಕೊಂಡು ಒಳಗೆ ಅಡುಗೆಮನೆಗೆ ನಡೆದುಬಿಡುತ್ತಿದ್ದರು. ಉಳಿದರ್ಧ ದಪ್ಪ ಗೋಡೆಗಳ ಹಿಂದೆ ಕರಗಿಹೋಗುತ್ತಿತ್ತು. ಹುಡುಗಿಯರಿಗೆ ಹೊರಗೆ ಆಟವಿರುತ್ತದೆ, ಬೆನ್ನು ಹತ್ತಿ ಹೋಗಿ ಕೇಳುವುದಿಲ್ಲ. ಕೇಳಬೇಕೆನಿಸುವ ವಯಸ್ಸಿಗೆ ತಾಯಿ ಇರಲಿಲ್ಲ.

ಹೀಗೆ ವಸುಧಾ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತಳು. ಮಿಡಿ ಬರೆಯುವ ತಂತ್ರಾಂಶದಲ್ಲಿ ಪರದೆಯ ಎಡಗಡೆ ಹಾರ್ಮೋನಿಯಮ್ಮಿನ ಮನೆಗಳು ನಿಂತಂತೆ ಇರುತ್ತವೆ. ಅವುಗಳ ಎದುರಿಗೆ ಚಿಕ್ಕ ಚಿಕ್ಕ ಪಟ್ಟಿಗಳನ್ನು ಇಡುತ್ತ ಹೋದರೆ ಅದೇ ಹಾಡು. ಪಟ್ಟಿ ಮೇಲಿದ್ದರೆ ಸ್ವರ ಮೇಲೆ, ಉದ್ದವಿದ್ದರೆ ಹೊತ್ತು ಹೆಚ್ಚು. ಅವಳಿಗೆ ಅದು ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಷಡ್ಜದ ಮನೆಯಲ್ಲಿ ಇಟ್ಟ ಪಟ್ಟಿ ಷಡ್ಜವೇ ಆಗಿರುತ್ತದೆ, ಅದು ತಪ್ಪಲಾರದು. ಗಂಟಲನ್ನು ನಂಬಲಾರದ ಸ್ಥಿತಿಯಲ್ಲಿದ್ದವಳಿಗೆ ಈ ನಿಶ್ಚಯ ಎಂಥ ಆಸರೆಯಾಗಿತ್ತೆಂದು ನಾನು ಹೇಳಲಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಎಳೆತವನ್ನು ಮೂಡಿಸಲು ಮೌಸಿನಿಂದ ವಕ್ರರೇಖೆಗಳನ್ನು ಎಳೆಯಬೇಕಿತ್ತು. ನಾನು ಕಾಲೇಜಿನಲ್ಲಿ ಬೋರ್ಡಿನ ಮೇಲೆ ಎಳೆದ ಯಾವ ರೇಖೆಯೂ ಅಷ್ಟು ಚೆಲುವಾಗಿರಲಿಲ್ಲ.

ಆದರೆ ಕೇಳಿಸುವ ಬಗೆ? ಮೊದಲು ಹಾಡನ್ನು ಅವಳು ತನ್ನ ಸಹಜ ಸ್ಥಾಯಿಯಲ್ಲಿ ಬರೆದಳು, ನುಡಿಸಿದಳು. ಏನೂ ಕೇಳಿಸಲಿಲ್ಲ. ಇಡೀ ಹಾಡನ್ನು ಒಮ್ಮೆಲೇ ಕೆಳಕ್ಕೆ ಇಳಿಸುವ ಅನುಕೂಲ ಮಿಡಿಯಲ್ಲಿದೆ. ಕ್ಯಾಸೆಟ್ಟನ್ನು ನಿಧಾನ ಮಾಡಿದರೆ ದನಿ ರಾಕ್ಷಸನದಾಗುತ್ತದೆ. ಇಲ್ಲಿ ಹಾಗಲ್ಲ, ನಡೆ ಅದೇ ಇದ್ದು ಸ್ವರ ಮಾತ್ರ ಇಳಿಯುತ್ತದೆ. ಇಳಿಸಿದಳು, ಮತ್ತೆ ಇಳಿಸಿದಳು. ಕೊಳಲು ಬಿಟ್ಟು, ಸಿತಾರ್ ಬಿಟ್ಟು, ವಾದ್ಯಗಳ ಪಟ್ಟಿಯ ಒಂದು ಮೂಲೆಯಲ್ಲಿದ್ದ ಯಾವುದೋ ದಪ್ಪ ತುತ್ತೂರಿಯನ್ನು ಆರಿಸಿದಳು. ಆ ಹಳೆಯ ಕಾರ್ಡಿನಲ್ಲಿ ಅದು ತುತ್ತೂರಿಯಂತೆ ಇರಲಿಲ್ಲ. ಎತ್ತಿನ ಬಂಡಿಯ ಗಾಲಿ ಕಲ್ಲಿನ ಮೇಲೆ ಹೊರಳಿದ ಹಾಗೆ ಗರಗರ ಎನ್ನುತ್ತಿತ್ತು. ಮರದ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕೂತಿದ್ದವಳು ತಟ್ಟನೆ ತಲೆಯೆತ್ತಿದಳು.

"ರೀ! ಬರಾಕತ್ತದ!"

ಕಿವಿಗೆ ಬಂದದ್ದೆಷ್ಟು, ಅಂಗೈಗೆ ಬಂದದ್ದೆಷ್ಟು ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಒರಟು ಸದ್ದು ಮರದೊಳಗಿಂದ ಕೈಗೆ, ಕೈಯಿಂದ ಇನ್ನೆಲ್ಲಿಗೋ ಹತ್ತಿಕೊಂಡು ಹೋಗುತ್ತಿತ್ತು. ಕಣ್ಣು ಮುಚ್ಚಿ ಅವಳು ತಾಳ ಹಾಕುತ್ತಿದ್ದಳು. ನನಗೆ ಅಸಹ್ಯವೆನಿಸುವಂಥ ಆ ಗರಗರದೊಳಗೆ ಅವಳು ತನ್ನ ತಾಯಿಯನ್ನು ಕೇಳುತ್ತಿದ್ದಳು. ಅಂದಿನಿಂದ ದಿನಾ ಮುಚ್ಚಂಜೆಗೆ ದೀಪ ಹಚ್ಚಿದ ಮೇಲೆ ಒಮ್ಮೆ ಕಂಪ್ಯೂಟರ್ ಹಚ್ಚುವುದು ನಮ್ಮ ಮನೆಯ ಪದ್ಧತಿಯಾಯಿತು. ನೆರೆಯವರು ಮೊದಮೊದಲು ಹಿಟ್ಟಿನ ಗಿರಣಿ ಹಾಕಿದ್ದೇವೆಂದು ತಿಳಿದಿದ್ದರು.

ವರ್ಷಗಳು ಹೊರಳಿದವು. ಹೊಸ ಶತಮಾನ ಬಂತು, ವೀರಣ್ಣನ ಅಂಗಡಿಯಲ್ಲಿ ಕ್ಯಾಸೆಟ್ಟುಗಳ ಜಾಗಕ್ಕೆ ಕಂಪ್ಯೂಟರುಗಳು ಬಂದವು. ಗೆಳೆತನದ ಉಮೇದಿನಲ್ಲಿ ಒಂದು ಹೊಸ ಯಂತ್ರ ಜೋಡಿಸಿಕೊಂಡು ಬಂದು ನಮ್ಮ ಮೇಜಿನ ಮೇಲೆ ಇಟ್ಟ. "ವೈನೀ, ಇದರಾಗ ಖರೇ ವಾದ್ಯದ ಆವಾಜ್ ತುಂಬ್ಯಾರ್ರಿ. ನೆಗಡಿ ಗಿಗಡಿ ಏನಿಲ್ಲ ಈಗ" ಎಂದು ದೊಡ್ಡ ದನಿಯಲ್ಲಿ, ಅವಳಿಗೆ ತುಟಿ ಕಾಣುವಂತೆ ಹೇಳಿದ. ಫ್ಲಾಪಿಯಿಂದ ಅವಳ ಹಾಡನ್ನು ತೆಗೆದು ಹಚ್ಚಿದ. ಅದೇ ಅಪ್ಪಣೆ, ಬೇರೆ ದನಿ. ನನ್ನಂಥವನ ಮೈಯೂ ಜುಂ ಎಂದಿತು. ಮೃದುವಾದ, ದುಂಡಾದ, ದೂರದ ಬಯಲಿನಿಂದ ಯಾರೋ ಊದಿದಂತಿದ್ದ ನಾದ. ವೀರಣ್ಣ ಕಣ್ಣು ತುಂಬಿಕೊಂಡಿದ್ದ. ಹಾಡು ಮುಗಿಯಿತು.

ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತಿದ್ದ ವಸುಧಾ ನಮ್ಮಿಬ್ಬರ ಮುಖ ನೋಡಿದಳು.

"ಶುರು ಮಾಡ್ರಿ" ಎಂದಳು.

ವೀರಣ್ಣ ಗೋಡೆಯ ಕಡೆ ತಿರುಗಿಕೊಂಡ. ಹಳೆಯ ಮರದ ಪೆಟ್ಟಿಗೆಗಳನ್ನೇ ಆಂಪ್ಲಿಫಯರ್ ಮೂಲಕ ಜೋಡಿಸಿ ನೋಡಿದೆವು. ಆ ನಯವಾದ ನಾದ ಅವಳ ಅಂಗೈಯನ್ನು ಮುಟ್ಟಲೇ ಇಲ್ಲ. ಹಳೆಯ ಕಾರ್ಡನ್ನು ಹೊಸ ಯಂತ್ರಕ್ಕೆ ಹಾಕೋಣವೆಂದರೆ ಅದಕ್ಕೆ ಬೇಕಾದ ಉದ್ದ ಸ್ಲಾಟು ಹೊಸದರಲ್ಲಿ ಇರಲಿಲ್ಲ. ವೀರಣ್ಣ ತನ್ನ ಯಂತ್ರವನ್ನು ಮರಳಿ ಡಬ್ಬಿಗೆ ತುಂಬಿಕೊಂಡ. ಹೋಗುವಾಗ ಹಳದಿಗಟ್ಟಿದ ಹಳೆಯ ಪೆಟ್ಟಿಗೆಯ ಮೇಲಿನ ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ.

ಆಮೇಲಿನ ಒಂದು ಮೃಗಶಿರ ಮಳೆಗೆ ಮುಂಚೆ, ಹಾಡುಹಗಲಲ್ಲೇ ಬಿದ್ದ ಸಿಡಿಲಿಗೆ ನಮ್ಮ ಓಣಿಯ ಅರ್ಧ ಟೀವಿಗಳು ಸುಟ್ಟವು. ಹಳೆಯ ಕಂಪ್ಯೂಟರೂ ಸುಟ್ಟಿತು. ವೀರಣ್ಣ ಬಂದು ಡಬ್ಬಿ ಬಿಚ್ಚಿದಾಗ ಕಾರ್ಡಿನ ಒಂದು ಮೂಲೆ ಕರಿಯ ಇದ್ದಿಲಾಗಿತ್ತು. ವಸುಧಾ ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿ, "ಹೋತು" ಎಂದಳು. ಫ್ಲಾಪಿಗಳೇನೋ ಕಪಾಟಿನಲ್ಲಿ ಸುರಕ್ಷಿತವಾಗಿದ್ದವು. ಅಪ್ಪಣೆಯೆಲ್ಲ ಇತ್ತು, ದನಿ ಹೋಗಿತ್ತು. ಆ ಮುಚ್ಚಂಜೆ ಅವಳು ದೀಪ ಹಚ್ಚಿ, ಅಭ್ಯಾಸಬಲದಿಂದ ಮೇಜಿನ ಮುಂದೆ ಬಂದು ಕೂತು, ಸುಮ್ಮನೆ ಎದ್ದುಹೋದಳು. ಅವಳ ಅಳಿದುಳಿದ ಶ್ರವಣಶಕ್ತಿಯೂ ತಿಂಗಳು ತಿಂಗಳಿಗೆ ಇಳಿಯುತ್ತಿತ್ತು. ನಿಧಾನಿಸಲು ನಮಗೆ ಕಾಲವಿರಲಿಲ್ಲ.

ನಾನೂ ವೀರಣ್ಣನೂ ಹಳೆಯ ಯಂತ್ರ ಹುಡುಕಿಕೊಂಡು ಅಲೆದೆವು. ಶಹಾಬಾದಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಚಿತ್ತಾಪುರದ ಒಂದು ಶಾಲೆಯವರು ನಮಗೆ ಬೇಕಾದಂಥದೇ ಪೆಟ್ಟಿಗೆ ಇದೆಯೆಂದು ಉತ್ಸಾಹದಿಂದ ತೋರಿಸಿದರು; ಒಳಗೆ ಸೀಮೆಸುಣ್ಣ ತುಂಬಿದ್ದರು. ವಾಡಿಯಲ್ಲಿ ಸಿಕ್ಕಿದ ಯಂತ್ರವನ್ನು ಬಿಚ್ಚಿದರೆ ಸಿಮೆಂಟಿನ ಬಿಳಿ ಧೂಳು ತೇವಕ್ಕೆ ಗಟ್ಟಿಯಾಗಿ, ಕಾರ್ಡು ಗೋಡೆಗೆ ಗಿಲಾವು ಮಾಡಿದಂತೆ ಕೂತಿತ್ತು. ಎಲ್ಲರದೂ ಒಂದೇ ಮಾತು: "ಹಳೀದು ಯಾಕ್ರಿ ಸರ್? ಎಲ್ಲಾ ಹೊಸಾದು ಬಂದದಲ್ಲರಿ." ಅವರಿಗೆ ಏನೆಂದು ಹೇಳುವುದು? ನನ್ನ ಹೆಂಡತಿಗೆ ಒಳ್ಳೆಯ ದನಿ ಕೇಳಿಸುವುದಿಲ್ಲ, ಕೆಟ್ಟ ದನಿ ಬೇಕು ಎಂದರೆ ನನ್ನ ತಲೆ ಕೆಟ್ಟಿದೆಯೆನ್ನುತ್ತಿದ್ದರು.

ಕೊನೆಗೆ ವೀರಣ್ಣನೇ ಸುದ್ದಿ ತಂದ. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಮಹಾನಂದಾ ಎಂಬುವರು ಮೊದಲು ಟೈಪಿಂಗು, ಆಮೇಲೆ ಕಂಪ್ಯೂಟರ್ ಕ್ಲಾಸು ನಡೆಸಿದ್ದವರು. ಈಗ ಝೆರಾಕ್ಸ್ ಅಂಗಡಿ ಹಾಕಿಕೊಂಡಿದ್ದಾರೆ, ಹಳೆಯ ಯಂತ್ರಗಳು ಹಿಂದಿನ ಕೋಣೆಯಲ್ಲಿ ಹಾಗೇ ಇವೆ ಎಂದು. ವಸುಧಾಳೂ ಬರುತ್ತೇನೆಂದಳು. ತಾಯಿ ತೀರಿ ಮನೆ ಪರರ ಪಾಲಾದ ಮೇಲೆ ಅವಳು ಆ ಕಡೆಗೆ ಹೋಗಿರಲಿಲ್ಲ. ಚಿಂಚೋಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಗರಿಯ ಹೊಲಗಳನ್ನು ನೋಡುತ್ತ, ಫ್ಲಾಪಿಗಳಿದ್ದ ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು.

ಮಹಾನಂದಾ ಅವರು ಐವತ್ತರ ಆಸುಪಾಸಿನ ಗಂಭೀರ ಹೆಂಗಸು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ನಾವು ಬಂದ ಕಾರಣವನ್ನು ವೀರಣ್ಣ ಹೇಳಿದಾಗ ಅವರು ಏಕೆ ಎಂದು ಕೇಳಲಿಲ್ಲ, ವಸುಧಾಳ ಕಿವಿಯ ಯಂತ್ರವನ್ನು ಒಮ್ಮೆ ನೋಡಿದರು, ಅಷ್ಟೇ. "ಕುಂದ್ರಿ. ಚಾ ತರಸ್ತೀನಿ. ಆ ಕಡಿ ಮೂಲ್ಯಾಗಿಂದು ಇನ್ನೂ ನಡೀತದ, ನೋಡ್ರಿ" ಎಂದು ಕೋಣೆಯ ಬೀಗ ತೆಗೆದರು. ಬಟ್ಟೆ ಹೊದ್ದು ಸಾಲಾಗಿ ಕೂತಿದ್ದ ಯಂತ್ರಗಳಲ್ಲಿ ಮೂಲೆಯದನ್ನು ವೀರಣ್ಣ ಬಿಚ್ಚಿದ. ನಮ್ಮ ಸುಟ್ಟ ಕಾರ್ಡಿನ ಒಡಹುಟ್ಟಿನಂತಿದ್ದ ಹಲಗೆ ಒಳಗಿತ್ತು. ಮೇಜಿನ ಕೆಳಗಿದ್ದ ದೊಡ್ಡ ಸ್ಪೀಕರನ್ನು ಎತ್ತಿಟ್ಟು, ಫ್ಲಾಪಿ ಹಾಕಿ ಹಚ್ಚಿದೆವು.

ಗರಗರ ಶುರುವಾಯಿತು. ವಸುಧಾಳ ಅಂಗೈ ಪೆಟ್ಟಿಗೆಯ ಮೇಲಿತ್ತು, ಕಣ್ಣು ಮುಚ್ಚಿತ್ತು. ನಾನು ಅವಳ ಮುಖ ನೋಡುತ್ತಿದ್ದವನು ಹಿಂದೆ ಕಪ್ಪು ಬಸಿಗಳ ಸದ್ದು ಕೇಳಿ ತಿರುಗಿದೆ. ಮಹಾನಂದಾ ಅವರು ತಂದ ಚಹಾ ಬಸಿಗಳಲ್ಲಿ ತುಳುಕಿತ್ತು.

"ಇದು ನಮ್ಮ ಹಿತ್ತಲ ಗ್ವಾಡಿ ಹಾಡರೀ!" ಎಂದರು. "ಇದು ನಿಮಗ ಎಲ್ಲಿ ಸಿಕ್ಕಿತು?"

ಕೂಡಿಸಿ ಕೇಳಿದಾಗ ಹೇಳಿದರು. ಅವರು ಸುಲೇಪೇಟದ ಮಗಳು, ಚಿಂಚೋಳಿಗೆ ಸೊಸೆಯಾಗಿ ಬಂದವರು. ಅತ್ತೆಯ ಮನೆಯ ಹಿತ್ತಲಿಗೂ ಬೇರೆ ಓಣಿಯ ಒಂದು ಮನೆಯ ಅಡುಗೆಮನೆಗೂ ಒಂದೇ ಗೋಡೆ. "ಹೊಸದಾಗಿ ಬಂದಾಕಿ ನಾನು, ಮಾತಾಡಲಿಕ್ಕಿ ಯಾರಿಲ್ಲ. ಹಿತ್ತಲದಾಗ ಭಾಂಡೆ ತಿಕ್ಕಕೋತ ಅಳತಿದ್ದೆ. ಮುಚ್ಚಂಜಿಗಿ ಗ್ವಾಡಿ ಆ ಕಡಿಂದ ಒಂದು ಹೆಣ್ಣಿನ ಆವಾಜ್ ಬರತಿತ್ತು. ಹಾಡಿನ ಮೊದಲಿನ ಮಾತು ಏನದ ನನಗ ಗೊತ್ತಿಲ್ರಿ, ಅದು ದೂರ ದೂರ ಇರತಿತ್ತು, ಧಾಟಿ ಅಷ್ಟ ಕಿವಿಗಿ ಬೀಳತಿತ್ತು. ಹತ್ರ ಬಂದ ಮ್ಯಾಲಿಂದು ಎಲ್ಲಾ ಬರ್ತದ. ಅದು ಬಂತು ಅಂದ್ರ ನಾನೂ ಎದ್ದು ಕಣ್ಣೊರಸಿಕೊಂಡು ದೀಪ ಹಚ್ಚತಿದ್ದೆ. ಆ ತಾಯಿ ಮುಖ ಒಂದ ದಿನ ನೋಡಲಿಲ್ಲ." ಹಾಗೆಂದವರು ದನಿ ತಗ್ಗಿಸಿ ಹಾಡಿದರು: 'ಒಳಗ ಕತ್ತಲದಾಗ ಒಬ್ಬಾಕಿ ಕುಂತಾಳ, ಕೈ ಹಿಡಿದು ಅಕಿನ್ನ ಹೊಸ್ತಿಲಿಗಿ ತಾರ.'

ಚಿಂಚೋಳಿಯಂಥ ಊರಿನಲ್ಲಿ ಇದು ಪವಾಡವೇನಲ್ಲ. ಅಲ್ಲಿನ ಮನೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡೇ ನಿಂತಿವೆ. ವಸುಧಾ ನಮ್ಮ ತುಟಿಗಳನ್ನೇ ನೋಡುತ್ತಿದ್ದಳು. "ಏನಂದ್ರು? ಅವರು ಏನ್ ಹಾಡಿದ್ರು?" ಎಂದು ನನ್ನ ತೋಳು ಅಲುಗಿಸಿದಳು.

ನಾನು ಅವಳ ಎದುರಿಗೆ ತಿರುಗಿ ನಿಧಾನವಾಗಿ ಹೇಳಿದೆ: "ಅವ್ವನ ಹಾಡು. ಉಳಿದರ್ಧ. ಅವರಿಗಿ ಬರ್ತದ."

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಮೌಸನ್ನು ಕೈಗೆ ತೆಗೆದುಕೊಂಡಳು. "ಬರ್ರಿ, ಇಲ್ಲಿ ನನ್ನ ಬಾಜೂ ಕುಂದ್ರಿ" ಎಂದು ಮಹಾನಂದಾ ಅವರನ್ನು ಕರೆದಳು. "ಮೊದಲನೇ ಸ್ವರ ಯಾವುದು ಹೇಳ್ರಿ."

"ನನಗ ಸರಿಗಮ ಬರಂಗಿಲ್ರಿ ತಾಯಿ."

ತುಟಿಯ ಚಲನೆಯಿಂದಲೇ ಅರ್ಥ ಮಾಡಿಕೊಂಡು ವಸುಧಾ ನಕ್ಕಳು. "ಬ್ಯಾಡ. ನಾ ಒಂದು ಇಡತೀನಿ. ನಿಮ್ಮ ಹಾಡಿಗಿಂತ ಕೆಳಗದಂದ್ರ ಕೈ ಮ್ಯಾಲ ಮಾಡ್ರಿ. ಮ್ಯಾಲದಂದ್ರ ಕೆಳಗ ಮಾಡ್ರಿ. ಬರೋಬ್ಬರಿ ಅದಂದ್ರ ನನ್ನ ಭುಜ ಮುಟ್ರಿ."

ಹಾಗೆ ಆರಂಭವಾಯಿತು. ಒಬ್ಬರಿಗೆ ಕೇಳಿಸುತ್ತದೆ, ಬರೆಯಲು ಬರುವುದಿಲ್ಲ; ಒಬ್ಬರಿಗೆ ಬರೆಯಲು ಬರುತ್ತದೆ, ಕೇಳಿಸುವುದಿಲ್ಲ. ವಸುಧಾ ಪಟ್ಟಿ ಇಡುವಳು, ಯಂತ್ರ ಗರಗರ ಎನ್ನುವುದು, ಮಹಾನಂದಾ ಕಣ್ಣು ಕಿರಿದಾಗಿಸಿ ತಮ್ಮ ಹಾಡನ್ನು ಗುನುಗಿಕೊಂಡು ಕೈಯನ್ನು ಮೇಲೆ ಮಾಡುವರು, ಕೆಳಗೆ ಮಾಡುವರು, ಕೊನೆಗೆ ಭುಜ ಮುಟ್ಟುವರು. ಆಗ ಮುಂದಿನ ಸ್ವರ. ಒಂದು ಕಡೆ ಇಬ್ಬರಿಗೂ ಜಗಳವೇ ಆಯಿತು. ಮಹಾನಂದಾ ಎಷ್ಟು ಸಲ ಕೈ ಮೇಲೆತ್ತಿದರೂ ವಸುಧಾ ಒಪ್ಪಲಿಲ್ಲ. "ಅಷ್ಟು ಏರೂದು ಆಗಂಗಿಲ್ರಿ, ಹಾಡು ಕೆಡ್ತದ" ಎಂದಳು. ಮಹಾನಂದಾ ಅವಳ ಕೈಯನ್ನೇ ಹಿಡಿದು ಪಟ್ಟಿಯನ್ನು ಮೇಲಕ್ಕೆ ತಳ್ಳಿದರು. ಮೊದಲಿನಿಂದ ನುಡಿಸಿದಾಗ ವಸುಧಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. "ಹೌದು. ಅವ್ವ ಹಿಂಗ ಏರಸ್ತಿದ್ಲು. ಈ ಜಾಗಾದಾಗ ಅಕಿ ಕೈಯಾಗಿನ ದೀಪ ಒಳಗ ಹೋಗತಿತ್ತು" ಎಂದಳು. ನನಗೆ ರಾಗ ತಿಳಿಯದು. ಆದರೆ ಅವಳ ಮುಖ ನೋಡಿ, ಹಾಡು ಎಲ್ಲಿ ಏರಿ ನಿಂತಿತೆಂದು ಅಂದು ನನಗೂ ತಿಳಿಯಿತು.

ಅದು ಒಂದೇ ದಿನಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಮಹಾನಂದಾ ಯಂತ್ರವನ್ನು ಒಯ್ಯಿರಿ ಎಂದರೂ ನಾವು ಒಯ್ಯಲಿಲ್ಲ, ನಾವೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರಿಬ್ಬರೂ ಪರದೆಯ ಮುಂದೆ ಕೂತರೆ ನನ್ನದೂ ವೀರಣ್ಣನದೂ ಅಲ್ಲಿ ಏನೂ ಕೆಲಸವಿರಲಿಲ್ಲ. ಝೆರಾಕ್ಸ್ ಅಂಗಡಿಯ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದೆವು. ಗಣಿತದ ಪದವಿ ಪಡೆದ ನನಗೆ ಕಾಗದದ ಎರಡೂ ಮಗ್ಗುಲಿಗೆ ಸರಿಯಾಗಿ ಝೆರಾಕ್ಸ್ ಮಾಡುವುದು ಕೊನೆಯವರೆಗೂ ಬರಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಹಾಡು ಪೂರ್ತಿಯಾಯಿತು. ಇಬ್ಬರೂ ಅದನ್ನು ಕಡೆಯವರೆಗೂ ಕೇಳಿದರು, ಒಬ್ಬರು ಕಿವಿಯಿಂದ, ಒಬ್ಬರು ಕೈಯಿಂದ. ಆಮೇಲೆ ಮಹಾನಂದಾ ಎದ್ದು ಚಹಾ ಮಾಡಲು ಹೋದರು.

ವಸುಧಾಳ ಕಿವಿ ಮುಂದಿನ ವರ್ಷ ಪೂರ್ತಿ ಹೋಯಿತು. ಅಂಗೈಗೆ ಬರುತ್ತಿದ್ದುದೂ ಮಂಕಾಯಿತೆಂದು ಅವಳೇ ಹೇಳಿದಳು, ಬರಬೇಕಾದದ್ದು ಬಂತು ಎನ್ನುವ ದನಿಯಲ್ಲಿ. ನಾನು ಅನೇಕ ಸಲ ಯೋಚಿಸಿದ್ದೇನೆ. ದನಿ ಉಳಿಯುವುದಿಲ್ಲ; ಯಾರದ್ದೂ ಉಳಿಯುವುದಿಲ್ಲ. ಅವಳ ತಾಯಿಯದು ಉಳಿಯಲಿಲ್ಲ, ಆ ಕಾರ್ಡಿನದು ಉಳಿಯಲಿಲ್ಲ. ಕೈಯಿಂದ ಕೈಗೆ ದಾಟಿಸಲು ಬರುವುದು ದನಿಯನ್ನಲ್ಲ, ಇಲ್ಲಿ ಏರು, ಇಲ್ಲಿ ನಿಲ್ಲು ಎಂಬಷ್ಟನ್ನು ಮಾತ್ರ. ಅದನ್ನು ಪಡೆದವರು ತಮ್ಮ ಗಂಟಲು ತಾವು ತರಬೇಕು. ಇದನ್ನು ವಸುಧಾಳಿಗೆ ಹೇಳಿದರೆ ನಗುತ್ತಾಳೆಂದು ಹೇಳಿಲ್ಲ.

ಅವಳ ಕಿವಿ ಹೋದ ಆ ವರ್ಷದ ಶ್ರಾವಣದಲ್ಲಿ ಮಹಾನಂದಾ ಕರೆ ಕಳಿಸಿದರು. ಓಣಿಯ ಹೆಂಗಸರ ಮೇಳಕ್ಕೆ ಹಾಡನ್ನು ಕಲಿಸಿದ್ದರು, ಬಾಯಾರು ಬಂದು ನೋಡಬೇಕೆಂದು. ಹೋದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದ್ದರು. ಎಲ್ಲ ವಯಸ್ಸಿನವರೂ ಇದ್ದರು, ಗಡಿಯಾಚೆಯಿಂದ ಬಂದ ತೆಲುಗು ಮಾತಿನ ಸೊಸೆಯರೂ ಇದ್ದರು. ಮೊದಲು ಕಂಪ್ಯೂಟರಿನಲ್ಲಿ ನುಡಿಸಿ ಅದರ ಜೊತೆಗೆ ಹಾಡುವುದೆಂದು ಮಹಾನಂದಾ ಯೋಜಿಸಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಷೀನ್ ಇಲ್ಲದ ಹ್ಯಾಂಗ್ರಿ?" ಎಂದಳೊಬ್ಬಳು. ಮಹಾನಂದಾ ತಾವೇ ಎತ್ತಿಕೊಂಡರು. ಒಬ್ಬೊಬ್ಬರಾಗಿ ಸೇರಿದರು. ವಸುಧಾ ಅವರೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, ಒಂದೊಂದೇ ಬಾಯಿಯನ್ನು ನೋಡುತ್ತಿದ್ದಳು. ಹಾಡು ಹೊಸ್ತಿಲು ದಾಟಿ ಒಳಗೆ ಹೋಯಿತು, ಏರುವಲ್ಲಿ ಏರಿತು, ಮುಗಿಯಿತು. ಬಹಳ ಚೆನ್ನಾಗಿತ್ತೆಂದು ನನಗನ್ನಿಸಿತು. ಹೆಂಗಸರು ಕೆಲವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಹಾನಂದಾ ಕೈ ಜೋಡಿಸಿ ವಸುಧಾಳ ಕಡೆ ನೋಡಿದರು.

ವಸುಧಾ ತಾಳ ನಿಲ್ಲಿಸಿದ್ದಳು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಕೋಣೆಯಲ್ಲಿ ಯಾರೂ ಅಲುಗಲಿಲ್ಲ.

"ಕೈ ಹಿಡಿದು ಅನ್ನೋ ಮುಂದ ಅವಸರ ಮಾಡಿದ್ರಿ" ಎಂದಳು ಕಣ್ಣು ತೆರೆದು. "ಕತ್ತಲದಾಗ ಕುಂತಾಕಿ ಅಕಿ. ಎದ್ದು ಬರಲಿಕ್ಕಿ ಹೊತ್ತು ಕೊಡ್ರಿ. ಮತ್ತೊಮ್ಮಿ ಹಾಡ್ರಿ."

ಅವರು ಮತ್ತೊಮ್ಮೆ ಹಾಡಿದರು, ನಿಧಾನವಾಗಿ.